ಅಗ್ನಿಶಿಖೆ ಗೆಡ್ಡೆ ನೆಡುವುದು ಹೇಗೆ? ಮನೆಯಲ್ಲಿ ಮಗು ಇದೆ, ಬೇಲಿಯಾಚೆ ದನ ಇದೆ

ಹಿತ್ತಲಬೇಲಿ, ಶಿರಸಿ ಹತ್ತಿರ

ನಮಸ್ಕಾರ. ನರ್ಸರಿಯಿಂದ ಅಗ್ನಿಶಿಖೆಯ ನಾಲ್ಕು ಗೆಡ್ಡೆ ತರಿಸಿದ್ದೇನೆ. ಮಲೆನಾಡಲ್ಲಿ ಗೌರಿ ಹೂ ಅನ್ನುವ ಬಳ್ಳಿಯೇ ಇದು. ಕೋಳಿಕುಟುಮ, ಕರಡಿಕಣ್ಣಿನ ಗೆಡ್ಡೆ ಅಂತಲೂ ಹೆಸರಿದೆ. ಸಸ್ಯಶಾಸ್ತ್ರದಲ್ಲಿ ಗ್ಲೋರಿಯೋಸಾ ಸುಪರ್ಬಾ.

ಜಾಗ: ಮನೆಯ ಪೂರ್ವಕ್ಕೆ ಆರು ಅಡಿ ಎತ್ತರದ ತಂತಿ ಜಾಲರಿ ಬೇಲಿ. ಜಂಬಿಟ್ಟಿಗೆ ಮಣ್ಣು, ಬೇಲಿಯ ಒಂದು ತುದಿಯಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಬೆಳಗಿನಿಂದ ಮಧ್ಯಾಹ್ನದ ತನಕ ಬಿಸಿಲು. ಬೇಲಿಯಾಚೆ ಪಕ್ಕದ ಮನೆಯವರ ಕೊಟ್ಟಿಗೆ. ನಮ್ಮಲ್ಲಿ ನಾಲ್ಕು ವರ್ಷದ ಮಗು, ಒಂದು ನಾಯಿ.

ಗೆಡ್ಡೆಗಳ ತೂಕ 20 ಗ್ರಾಂನಿಂದ 70 ಗ್ರಾಂ ವರೆಗೆ ಇದೆ. ಒಂದರ ಒಂದು ಕವಲಿನ ತುದಿ ಮುರಿದಿದೆ. ಅದನ್ನು ನೆಟ್ಟರೆ ಬರುತ್ತದೆಯೇ? ಎಷ್ಟು ಆಳ, ಯಾವ ಮಗ್ಗುಲು ಮೇಲೆ? ಈಗ ನೆಟ್ಟರೆ ಗೌರಿ ಹಬ್ಬಕ್ಕೆ ಹೂ ಸಿಗಬಹುದೇ? ವಿಷದ ಗಿಡ ಎಂದು ಗೊತ್ತು. ನಿಜಕ್ಕೂ ಎಷ್ಟು ಹೆದರಬೇಕು, ಯಾವುದಕ್ಕೆ ಹೆದರಬೇಕು ಅನ್ನುವುದನ್ನು ಬಲ್ಲವರು ಹೇಳಿ.

ಗೆಡ್ಡೆಗೆಣಸು, ತೀರ್ಥಹಳ್ಳಿ

ನೆಡುವ ಮೊದಲು ಪ್ರತಿ ಗೆಡ್ಡೆಯ ತುದಿ ನೋಡಿ. ಆಲೂಗೆಡ್ಡೆಗಾದರೆ ಮೈತುಂಬ ಕಣ್ಣು. ಅಗ್ನಿಶಿಖೆಗೆ ಒಂದು ಕವಲಿಗೆ ಒಂದೇ ಕಣ್ಣು, ಅದೂ ತುತ್ತತುದಿಯಲ್ಲಿ. ಆ ತುದಿ ಹೋದರೆ ಕವಲು ಎಷ್ಟೇ ದಪ್ಪ ಇರಲಿ, ಮೊಳೆಯುವುದಿಲ್ಲ. ಮಣ್ಣಿನಲ್ಲಿ ಹಾಗೇ ಕುಳಿತು ಕೊಳೆಯುತ್ತದೆ. "ನೆಟ್ಟೆವು, ಬರಲೇ ಇಲ್ಲ" ಎನ್ನುವ ದೂರುಗಳಲ್ಲಿ ಬಹುಪಾಲು ಇದೇ ಕಾರಣ. ಅಂಚೆಯಲ್ಲಿ ಬರುವಾಗ ತುದಿ ಉಜ್ಜಿ ಹೋಗಿರುತ್ತದೆ, ತಂದವರು ಗಮನಿಸಿರುವುದಿಲ್ಲ.

ನಿಮ್ಮ ಮುರಿದ ಗೆಡ್ಡೆಯಲ್ಲಿ ಇನ್ನೊಂದು ಕವಲಿನ ತುದಿ ಸರಿಯಿದ್ದರೆ ಧಾರಾಳವಾಗಿ ನೆಡಿ, ಆ ಕಡೆಯಿಂದ ಬರುತ್ತದೆ. ಮುರಿದ ಜಾಗ ಇನ್ನೂ ಹಸಿಯಾಗಿದ್ದರೆ ಒಲೆಬೂದಿ ಸವರಿ ಎರಡು ಮೂರು ದಿನ ನೆರಳಲ್ಲಿ ಗಾಳಿಗೆ ಬಿಡಿ. ಗಾಯ ಒಣಗಿ ಗಟ್ಟಿಯಾದ ಮೇಲೇ ಮಣ್ಣಿಗೆ. 70 ಗ್ರಾಂ ಗೆಡ್ಡೆಯನ್ನು ಎರಡು ಕವಲು ಕೂಡುವ ಕುತ್ತಿಗೆಯಲ್ಲಿ ಬೇರ್ಪಡಿಸಿ ಎರಡು ಗಿಡ ಮಾಡಿಕೊಳ್ಳಬಹುದು. ಸಣ್ಣವನ್ನು ಮುರಿಯಬೇಡಿ. 50 ಗ್ರಾಂ ದಾಟಿದ್ದು ಅದೇ ವರ್ಷ ಹೂ ಬಿಡುತ್ತದೆ ಎಂದು ನಂಬಬಹುದು. 20 ಗ್ರಾಂನದು ಈ ವರ್ಷ ಬರೀ ಎಲೆ ತೋರಿಸಿ, ಗೆಡ್ಡೆ ಬೆಳೆಸಿಕೊಂಡು ಮಲಗಿದರೂ ಆಶ್ಚರ್ಯವಿಲ್ಲ.

ಇನ್ನು ಜಾಗ. ನೀರು ನಿಲ್ಲುವ ತುದಿಯನ್ನು ಪೂರ್ತಿ ಬಿಟ್ಟುಬಿಡಿ. ಉಳಿದ ಕಡೆ ಬೇಲಿಯುದ್ದಕ್ಕೆ ಎರಡು ಅಡಿ ಅಗಲ, ಒಂದು ಅಡಿ ಎತ್ತರದ ಏರುಮಡಿ ಮಾಡಿ, ಪಕ್ಕದಲ್ಲಿ ನೀರು ಹರಿದುಹೋಗಲು ಬಸಿಗಾಲುವೆ ತೆಗೆಯಿರಿ. ನಿಮ್ಮ ಮಣ್ಣು ಎರಡು ಬುಟ್ಟಿಗೆ ಮರಳು ಒಂದು ಬುಟ್ಟಿ, ಚೆನ್ನಾಗಿ ಕಳಿತ ಗೊಬ್ಬರ ಒಂದು ಬುಟ್ಟಿ. ಪ್ರತಿ ಗಿಡದ ಜಾಗಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಬೇಡ, ಅದರ ಕಾವಿಗೆ ತುದಿಯ ಕಣ್ಣು ಸುಡುತ್ತದೆ. ಎಲುಬಿನ ಪುಡಿಯಂತೂ ಮುಟ್ಟಲೇಬೇಡಿ. ಮನೆಯಲ್ಲಿ ನಾಯಿ ಇದೆ ಎಂದಿದ್ದೀರಿ. ಎಲುಬಿನ ವಾಸನೆಗೆ ಅದು ಮಡಿ ಕೆದಕುತ್ತದೆ, ಕೆದಕಿದಾಗ ಬಾಯಿಗೆ ಸಿಗುವುದು ಗೆಡ್ಡೆ.

ಗೆಡ್ಡೆಯನ್ನು ಅಡ್ಡ ಮಲಗಿಸಿ. ಕಣ್ಣಿರುವ ತುದಿ ಬೇಲಿಯ ಕಡೆಗೆ, ತುಸು ಮೇಲ್ಮುಖವಾಗಿ ಇರಲಿ. ಮೇಲೆ ಎರಡೂವರೆ ಮೂರು ಇಂಚು ಮಣ್ಣು. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ಬೇಲಿಯಿಂದ ಅರ್ಧ ಅಡಿ. ಗುರುತಿನ ಕೋಲನ್ನು ಗೆಡ್ಡೆ ಇಡುವಾಗಲೇ ಊರಿ, ಆಮೇಲೆ ಮಣ್ಣು ಮುಚ್ಚಿ. ಮಣ್ಣು ಮುಚ್ಚಿದ ನಂತರ ಅಂದಾಜಿನಲ್ಲಿ ಕೋಲು ಚುಚ್ಚಿದರೆ ಅದು ಸರಿಯಾಗಿ ಗೆಡ್ಡೆಯ ಮೇಲೇ ಕೂರುವುದುಂಟು. ನಮ್ಮ ಕಡೆಯ ಮಳೆಗೆ ಮಡಿಯ ಮಣ್ಣು ಕೊಚ್ಚಿ ಹೋಗುತ್ತದೆ, ಆದ್ದರಿಂದ ಎರಡು ಇಂಚು ದರಗು ಹೊದಿಸಿ.

ರೋಹಿಣಿ ಮಳೆಗೆ ನೆಟ್ಟರೆ ಎರಡರಿಂದ ನಾಲ್ಕು ವಾರದಲ್ಲಿ ಕುಡಿ ಮೇಲೆ ಬರುತ್ತದೆ. ಅಲ್ಲಿಂದ ಸುಮಾರು ಎರಡು ತಿಂಗಳಿಗೆ ಮೊದಲ ಮೊಗ್ಗು. ದೊಡ್ಡ ಗೆಡ್ಡೆಗಳಿಂದ ಗೌರಿ ಹಬ್ಬಕ್ಕೆ ಹೂ ಸಿಗುತ್ತದೆ. ಹಬ್ಬ ಆಗಸ್ಟ್ ಕೊನೆಗೇ ಬಂದುಬಿಡುವ ವರ್ಷ ಮಾತ್ರ ಸ್ವಲ್ಪ ಬಿಗಿ.

ಬಳ್ಳಿಮಂಟಪ, ಕಾರ್ಕಳ

ಮೇಲಿನವರು ನೆಡುವುದನ್ನು ಪೂರ್ತಿ ಹೇಳಿದ್ದಾರೆ. ಆಸರೆಯ ಬಗ್ಗೆ ನಾನು ಸೇರಿಸುತ್ತೇನೆ.

ಈ ಬಳ್ಳಿ ಮೆಣಸಿನ ಬಳ್ಳಿಯಂತೆ ಬೇರು ಕಚ್ಚಿ ಏರುವುದಿಲ್ಲ, ಅವರೆಯಂತೆ ಕಾಂಡ ಸುತ್ತಿಯೂ ಏರುವುದಿಲ್ಲ. ಎಲೆಯ ತುದಿಯೇ ಎಳೆದಾರವಾಗಿ, ಸಿಕ್ಕಿದ್ದನ್ನು ಸುರುಳಿ ಸುತ್ತಿ ಹಿಡಿಯುತ್ತದೆ. ಸುರುಳಿ ಬಹಳ ಚಿಕ್ಕದು, ಪೆನ್ಸಿಲ್‌ಗಿಂತ ದಪ್ಪದ ಆಸರೆ ಅದರ ಹಿಡಿತಕ್ಕೆ ಬರುವುದಿಲ್ಲ. ಹಾಗಾಗಿ ಬಿದಿರು ಗಳ, ಅಡಿಕೆ ಮರ, ಕಲ್ಲುಕಂಬ ಯಾವುದೂ ಕೆಲಸಕ್ಕೆ ಬಾರದು. ಗಳದ ಪಕ್ಕ ನೆಟ್ಟ ಬಳ್ಳಿ ಒಂದೂವರೆ ಅಡಿ ಏರಿ ಮಗುಚಿ ಬೀಳುತ್ತದೆ, ಬಿದ್ದಲ್ಲಿ ಮಳೆಯ ಕೆಸರು ಸಿಡಿದು ಎಲೆ ಕೊಳೆಯಲು ಶುರು. ತಂತಿ ಜಾಲರಿ ಇದಕ್ಕೆ ಹೇಳಿ ಮಾಡಿಸಿದ್ದು. ಆದರೆ ಬುಡದಿಂದ ಜಾಲರಿ ಮುಟ್ಟುವ ತನಕದ ಅರ್ಧ ಅಡಿಗೆ ಸಣ್ಣ ಕಡ್ಡಿಗಳನ್ನೋ ಸೆಣಬಿನ ಹುರಿಯನ್ನೋ ಓರೆಯಾಗಿ ಕೊಡಿ. ಮೊದಲ ಹತ್ತು ಹನ್ನೆರಡು ಎಲೆಗಳಿಗೆ ತುದಿಯಲ್ಲಿ ಸುರುಳಿ ಇರುವುದಿಲ್ಲ, ಆ ಹಂತದಲ್ಲಿ ಬಳ್ಳಿಗೆ ಸ್ವಂತ ಹಿಡಿತವೇ ಇಲ್ಲ.

ಕಾಂಡ ತೀರಾ ಪೆಡಸು. ಬಗ್ಗಿಸಲು ಹೋದರೆ ಟಕ್ಕನೆ ಮುರಿಯುತ್ತದೆ. ಬೇರೆ ಬಳ್ಳಿಗಳಾದರೆ ಮುರಿದ ಜಾಗದ ಕೆಳಗಿಂದ ಚಿಗುರುತ್ತವೆ. ಇದರ ಎಳೆಯ ಕುಡಿ ಮಣ್ಣಿನ ಮಟ್ಟದಲ್ಲಿ ಮುರಿದರೆ ಆ ಕವಲಿನ ಪಾಲಿಗೆ ಆ ವರ್ಷ ಮುಗಿಯಿತೆಂದೇ ಲೆಕ್ಕ. ಕಳೆ ಕೀಳುವವರಿಗೆ ಕೋಲಿನ ಗುರುತು ತೋರಿಸಿ ಹೇಳಿಡಿ. ಮೊಳಕೆ ನೋಡಲು ಹುಲ್ಲಿನ ಕುಡಿಯಂತೆಯೇ ಇರುತ್ತದೆ, ಕಿತ್ತುಬಿಡುತ್ತಾರೆ.

ತೋಟದಲ್ಲಿ ಎಂಟು ಹತ್ತು ಅಡಿ ಏರುವುದು ಸಾಮಾನ್ಯ. ಕಾಡಂಚಿನಲ್ಲಿ ಪೊದೆಗಳ ಮೇಲೆ ಅದಕ್ಕಿಂತಲೂ ಎತ್ತರ ಹೋಗುತ್ತದೆ. ನಿಮ್ಮ ಆರಡಿ ಬೇಲಿ ದಾಟಿದ ಕುಡಿ ಆಚೆ ಕೊಟ್ಟಿಗೆಯ ಕಡೆಗೇ ಬಾಗುತ್ತದೆ. ಇದನ್ನು ಮೊದಲೇ ಯೋಚಿಸಿ. ಬೇಲಿಯ ತಲೆಯ ಮೇಲೆ ಎರಡು ಸಾಲು ತಂತಿ ಏರಿಸಿ, ಕುಡಿಯನ್ನು ಒಳಮುಖವಾಗಿ ತಿರುಗಿಸುತ್ತಿರಿ.

ತುರ್ತುಕೋಣೆ, ಹುಬ್ಬಳ್ಳಿ

ತುರ್ತು ಚಿಕಿತ್ಸಾ ವಿಭಾಗದ ವೈದ್ಯೆ. ವಿಷದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಇದರ ಮುಖ್ಯ ವಿಷ ಕಾಲ್ಚಿಸಿನ್. ಗೆಡ್ಡೆ, ಬೀಜ, ಎಲೆ, ಹೂ ಎಲ್ಲದರಲ್ಲೂ ಇದೆ, ಗೆಡ್ಡೆ ಮತ್ತು ಬೀಜದಲ್ಲಿ ಹೆಚ್ಚು. ಜೀವಕೋಶ ಎರಡಾಗುವ ಕೆಲಸವನ್ನೇ ಇದು ನಿಲ್ಲಿಸಿಬಿಡುತ್ತದೆ. ಆದ್ದರಿಂದ ಕೋಶಗಳು ಬಿಡುವಿಲ್ಲದೆ ವಿಭಜಿಸುವ ಜಾಗಗಳಿಗೆ ಮೊದಲ ಏಟು: ಕರುಳಿನ ಒಳಪದರ, ಎಲುಬಿನ ಮಜ್ಜೆ, ಕೂದಲ ಬುಡ. ಕಾಯಿಲೆ ಕಾಣಿಸಿಕೊಳ್ಳುವ ಕ್ರಮವೂ ಹೆಚ್ಚುಕಡಿಮೆ ಇದೇ.

ತಿಂದ ಕೂಡಲೇ ಏನೂ ಆಗುವುದಿಲ್ಲ, ಅದೇ ಮೋಸ. ಸಾಮಾನ್ಯವಾಗಿ ಎರಡರಿಂದ ಆರು ಗಂಟೆ, ಕೆಲವೊಮ್ಮೆ ಹನ್ನೆರಡು ಗಂಟೆ ಕಳೆದ ಮೇಲೆ ಬಾಯಿ ಗಂಟಲು ಉರಿ, ಜೋಮು, ಹೊಟ್ಟೆನೋವು, ನಿಲ್ಲದ ವಾಂತಿ ಭೇದಿ, ಕೆಲವರಿಗೆ ರಕ್ತಭೇದಿ. ಇದು ಒಂದು ದಿನದಲ್ಲಿ ತಗ್ಗಿದಂತೆ ಕಂಡು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ಎರಡನೇ ಹಂತ: ರಕ್ತದೊತ್ತಡ ಕುಸಿತ, ಮೂತ್ರಪಿಂಡ, ಹೃದಯ, ಉಸಿರಾಟದ ತೊಂದರೆ, ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಇಳಿಕೆ, ಅದರ ಹಿಂದೆಯೇ ಸೋಂಕು. ಬದುಕುಳಿದವರಿಗೆ ಒಂದೆರಡು ವಾರದ ನಂತರ ಕೂದಲು ಉದುರುತ್ತದೆ, ಆಮೇಲೆ ಮತ್ತೆ ಬರುತ್ತದೆ. ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷ ಇದಕ್ಕಿಲ್ಲ. ನಾವು ಮಾಡುವುದು ದೇಹವನ್ನು ಆ ದಿನಗಳು ದಾಟಿಸುವ ಆರೈಕೆ ಮಾತ್ರ.

ಹಾಗಾಗಿ ಮಗು ಗೆಡ್ಡೆಯನ್ನೋ ಬೀಜವನ್ನೋ ಬಾಯಿಗೆ ಹಾಕಿಕೊಂಡಿದೆ ಎಂಬ ಅನುಮಾನ ಬಂದರೂ ಸಾಕು, ಲಕ್ಷಣ ಕಾಯದೆ ಹೊರಡಿ. ಬಾಯಲ್ಲಿ ಉಳಿದದ್ದನ್ನು ಒರೆಸಿ ತೆಗೆಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಗಿಡದ ತುಂಡನ್ನು ಚೀಲದಲ್ಲಿ ಹಾಕಿ ಜೊತೆಗೆ ತನ್ನಿ, ಎಷ್ಟು ಹೊತ್ತಿಗೆ ತಿಂದದ್ದು ಎಂಬುದನ್ನು ಬರೆದುಕೊಳ್ಳಿ. ಹೊಟ್ಟೆ ಸೇರಿದ ವಿಷವನ್ನು ಇದ್ದಿಲ ಪುಡಿಯಿಂದ ಹಿಡಿದಿಡುವ ಚಿಕಿತ್ಸೆ ಮೊದಲ ಗಂಟೆಗಳಲ್ಲೇ ಹೆಚ್ಚು ಫಲ ಕೊಡುವುದು. ಆಂಬುಲೆನ್ಸ್‌ಗೆ 108. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ವೈದ್ಯರೂ ಅಲ್ಲಿ ಕೇಳುತ್ತಾರೆ.

ಯಾವುದಕ್ಕೆ ಹೆದರಬೇಕು ಎಂದು ಕೇಳಿದ್ದಿರಿ. ಹೂವನ್ನು ಮುಟ್ಟಿದ್ದಕ್ಕೆ, ದೇವರಿಗೆ ಏರಿಸಿದ್ದಕ್ಕೆ ಏನೂ ಆಗುವುದಿಲ್ಲ. ಕೈ ತೊಳೆದುಕೊಂಡರೆ ಸಾಕು. ಗೆಡ್ಡೆಯ ಹಸಿ ರಸ ಕೆಲವರ ಚರ್ಮಕ್ಕೆ ತುರಿ, ಉರಿ ತರುತ್ತದೆ, ಅದಕ್ಕೆ ಕೈಗವಸು. ಸಾವು ತರುವ ಪ್ರಕರಣಗಳಲ್ಲಿ ಬಹಳಷ್ಟು ಗೆಡ್ಡೆಯನ್ನು ಗೆಣಸೆಂದು ತಿಳಿದು ತಿಂದವು. ಬೇಯಿಸಿದರೆ ವಿಷ ಹೋಗುವುದಿಲ್ಲ. ಶುಂಠಿ, ಅರಿಶಿನ, ಕೆಸು, ಗೆಣಸು ಇರುವ ಪಾತಿಯ ಹತ್ತಿರ ಇದನ್ನು ನೆಡಲೇಬೇಡಿ. ಅಗೆದ ಗೆಡ್ಡೆಯನ್ನು ಅಡುಗೆಮನೆ, ಉಗ್ರಾಣ, ಅಟ್ಟದ ಮೇಲಿನ ತರಕಾರಿ ಬುಟ್ಟಿ, ಇವುಗಳ ಹತ್ತಿರಕ್ಕೂ ತರಬೇಡಿ.

ಹಿತ್ತಲಬೇಲಿ, ಶಿರಸಿ ಹತ್ತಿರ

ಎಲ್ಲರಿಗೂ ಧನ್ಯವಾದ. ಅರಿಶಿನದ ಪಾತಿ ಬೇಲಿಯ ಇನ್ನೊಂದು ಮೂಲೆಯಲ್ಲಿದೆ, ಅದನ್ನು ಈ ವರ್ಷ ಅಡುಗೆಮನೆ ಬದಿಗೆ ಬದಲಿಸುತ್ತೇನೆ. ದನದ ವಿಷಯ ಯಾರಾದರೂ ಹೇಳುತ್ತೀರಾ? ಪಕ್ಕದವರು ಬೇಲಿಬದಿಯ ಸೊಪ್ಪು ಕೊಯ್ದು ಕೊಟ್ಟಿಗೆಗೆ ಹಾಸುತ್ತಾರೆ. ಮತ್ತೆ, ಹೂ ಕೆಲವು ಹಳದಿ, ಕೆಲವು ಕೆಂಪು ಇರುತ್ತವಲ್ಲ, ಅವು ಬೇರೆ ಬೇರೆ ತಳಿಯೇ?

ಗೆಡ್ಡೆಗೆಣಸು, ತೀರ್ಥಹಳ್ಳಿ

ಒಂದೇ ಹೂ. ಅರಳುವಾಗ ದಳ ಹಸಿರು ಬೆರೆತ ಹಳದಿ, ಆಮೇಲೆ ತುದಿಯಿಂದ ಕೆಂಪೇರುತ್ತಾ ಬಂದು ಕೊನೆಗೆ ಪೂರ್ತಿ ಕೆಂಪು. ಒಂದು ಹೂ ಬಳ್ಳಿಯಲ್ಲಿ ವಾರದ ಮೇಲೇ ನಿಲ್ಲುತ್ತದೆ, ಅದಕ್ಕೇ ಒಂದೇ ಬಳ್ಳಿಯಲ್ಲಿ ಎಲ್ಲ ಬಣ್ಣವೂ ಕಾಣುವುದು.

ಕೊಟ್ಟಿಗೆಯ ವಿಷಯ ಗಂಭೀರ. ನಿಂತ ಬಳ್ಳಿಯನ್ನು ದನ ಸಾಮಾನ್ಯವಾಗಿ ಮೂಸಿ ಬಿಡುತ್ತದೆ. ಸೊಪ್ಪಿನ ಹೊರೆಯಲ್ಲಿ ಬಾಡಿ ಬೆರೆತದ್ದನ್ನು ಬೇರೆ ಸೊಪ್ಪಿನ ಜೊತೆ ತಿಂದುಬಿಡುತ್ತದೆ. ಕಾಲ್ಚಿಸಿನ್ ಹಾಲಿಗೂ ಇಳಿಯುತ್ತದೆ. ಪಕ್ಕದವರಿಗೆ ಬಳ್ಳಿ ತೋರಿಸಿ ಬಾಯಿಬಿಟ್ಟು ಹೇಳಿ, ಆ ಬೇಲಿಯ ಸೊಪ್ಪು ಕೊಯ್ಯಬೇಡಿ ಎಂದು. ಒಣಗಿದ ಬಳ್ಳಿಯನ್ನು ಗೊಬ್ಬರಗುಂಡಿಗೂ ಹಾಕಬೇಡಿ, ದನ ನಾಯಿ ಸುಳಿಯದ ಕಡೆ ಪ್ರತ್ಯೇಕ ಗುಂಡಿ ತೆಗೆದು ಮುಚ್ಚಿ.

ಧಾರಾಪುರ ಕನ್ನಡಿಗ

ನಮಸ್ಕಾರ, ತಮಿಳುನಾಡಿನ ಧಾರಾಪುರ ಕಡೆಯಿಂದ. ಇಲ್ಲಿ ಕಣ್ವಲಿ ಕಿಳಂಗು ಅನ್ನುತ್ತಾರೆ. ಸೆಂಗಾಂದಳ್ ಎಂಬ ಹೆಸರಿನಲ್ಲಿ ಇದೇ ತಮಿಳುನಾಡಿನ ರಾಜ್ಯ ಪುಷ್ಪ. ಮೂಲನೂರು, ಧಾರಾಪುರ, ಒಡ್ಡನ್‌ಛತ್ರಂ ಸುತ್ತ ಎಕರೆಗಟ್ಟಲೆ ಬೆಳೆಯುತ್ತಾರೆ. ಮಾರುವುದು ಬೀಜವನ್ನು, ಔಷಧ ಕಂಪನಿಗಳು ಅದರಿಂದ ಕಾಲ್ಚಿಸಿನ್ ತೆಗೆಯುತ್ತವೆ. ಗೆಡ್ಡೆ ಮುಂದಿನ ನಾಟಿಗೆ.

ನಿಮಗೆ ಇಲ್ಲಿಂದ ತಿಳಿಯಬೇಕಾದದ್ದು ಎರಡು. ಒಂದು, ಕಾಯಿ ಕಟ್ಟುವ ರೀತಿ. ಹೂವಿನ ಹೆಣ್ಣುಕಡ್ಡಿ ಬುಡದಲ್ಲೇ ಲಂಬಕೋನಕ್ಕೆ ಅಡ್ಡ ತಿರುಗಿ ಹೊರಗೆ ಚಾಚಿರುತ್ತದೆ, ತನ್ನ ಪರಾಗ ತನಗೆ ತಾಗುವುದು ಕಷ್ಟ. ಚಿಟ್ಟೆ, ಸೂರಕ್ಕಿ ಬಂದರೆ ಅಷ್ಟಿಷ್ಟು ಕಾಯಿ. ಇಲ್ಲಿ ಅದನ್ನು ನಂಬಿ ಕೂರುವುದಿಲ್ಲ, ಬೆಳಗ್ಗೆ ಎಂಟರಿಂದ ಹನ್ನೊಂದರ ಒಳಗೆ ಆಳುಗಳು ಒಂದು ಹೂವಿನ ಕೇಸರ ತೆಗೆದು ಇನ್ನೊಂದರ ಹೆಣ್ಣುಕಡ್ಡಿಯ ಮೂರು ಸೀಳಿನ ತುದಿಗೆ ಸವರುತ್ತಾರೆ. ಬಿಸಿಲೇರಿದ ಮೇಲೆ ಮಾಡಿದರೆ ಕಾಯಿ ಕಡಿಮೆ. ನೀವು ಇದರ ತದ್ವಿರುದ್ಧ ಮಾಡಬೇಕು. ಮಗು ಇರುವ ಮನೆಯಲ್ಲಿ ಕಾಯಿ ಬೇಡವೇ ಬೇಡ. ಒಣಗಿದ ಕಾಯಿ ಮೂರು ಭಾಗವಾಗಿ ಬಾಯಿ ತೆರೆದಾಗ ಒಳಗೆ ಕೆಂಪು ಕಿತ್ತಳೆ ಬಣ್ಣದ ಗುಂಡು ಬೀಜಗಳ ಸಾಲು, ಮಣಿಯೆಂದು ಮಕ್ಕಳು ಆರಿಸದೆ ಬಿಡುವುದಿಲ್ಲ. ಹೂ ಬಾಡಿ ಬುಡದಲ್ಲಿ ಹಸಿರು ಕಾಯಿ ಊದಿಕೊಳ್ಳಲು ಶುರುವಾದ ಕೂಡಲೇ ತೊಟ್ಟಿನ ಸಮೇತ ಕತ್ತರಿಸಿ. ಕಾಯಿಗೆ ಹೋಗುವ ಬಲ ಗೆಡ್ಡೆಗೆ ಇಳಿಯುತ್ತದೆ, ಅದೂ ಲಾಭ.

ಬೀಜದಿಂದ ಗಿಡ ಮಾಡುವ ಆಸೆ ಇದ್ದರೂ ಬಿಡಿ. ಸಿಪ್ಪೆ ಗಟ್ಟಿ, ಮೊಳೆಯಲು ತಿಂಗಳುಗಟ್ಟಲೆ, ಹೂ ನೋಡಲು ಮೂರು ನಾಲ್ಕು ವರ್ಷ.

ಎರಡನೆಯದು ಗೆಡ್ಡೆ ಕೊಳೆ. ಇಲ್ಲಿ ಮಳೆ ಕಡಿಮೆ, ಆದರೂ ಹೊಲದಲ್ಲಿ ಒಂದು ದಿನ ನೀರು ನಿಂತರೆ ಸಾಲುಸಾಲೇ ಹಳದಿ ತಿರುಗುತ್ತದೆ. ಬುಡದ ಮಣ್ಣು ಸರಿಸಿದರೆ ಬಿಳಿ ನೂಲು, ಅದರಲ್ಲಿ ಸಾಸಿವೆಕಾಳಿನಂಥ ಕಂದು ಗುಂಡುಗಳು ಕಂಡರೆ ಸ್ಕ್ಲೆರೋಶಿಯಂ ಶಿಲೀಂಧ್ರ. ಆ ಗಿಡವನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು ಹೊರಹಾಕುವುದೇ ದಾರಿ, ಕೊಳೆತ ಗೆಡ್ಡೆ ಉಳಿಸುವ ಔಷಧಿ ಇಲ್ಲ. ನಾಟಿಗೆ ಮೊದಲು ಗೆಡ್ಡೆಯನ್ನು ಲೀಟರ್ ನೀರಿಗೆ ಒಂದು ಗ್ರಾಂ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಹಾಕಿ ಅರ್ಧ ಗಂಟೆ ಅದ್ದಿ, ನೆರಳಲ್ಲಿ ಆರಿಸಿ ನೆಡುವುದು ಇಲ್ಲಿಯ ಪದ್ಧತಿ. ರಾಸಾಯನಿಕ ಬೇಡವೆಂದರೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿಯನ್ನು ಗೊಬ್ಬರಕ್ಕೆ ಬೆರೆಸಿ ಒಂದು ವಾರ ತೇವದಲ್ಲಿಟ್ಟು ಮಡಿಗೆ ಹಾಕಿ. ಎರಡನ್ನೂ ಒಟ್ಟಿಗೆ ಮಾಡಬೇಡಿ, ಕಾರ್ಬೆಂಡಜಿಮ್ ಟ್ರೈಕೋಡರ್ಮಾವನ್ನೂ ಕೊಲ್ಲುತ್ತದೆ.

ತಾರಸಿತೋಟ, ಬೆಂಗಳೂರು

ನೆಲವಿಲ್ಲದವರಿಗೂ ಇದು ಬರುತ್ತದೆ ಎಂದು ಹೇಳಲು ಬರೆಯುತ್ತಿದ್ದೇನೆ. 15 ಇಂಚು ಅಗಲ, ಕನಿಷ್ಠ 12 ಇಂಚು ಆಳದ ಗ್ರೋ ಬ್ಯಾಗ್‌ಗೆ ಒಂದು ದೊಡ್ಡ ಗೆಡ್ಡೆ, ಅಷ್ಟೇ. ಕೆಂಪುಮಣ್ಣು, ಮರಳು, ಎರೆಗೊಬ್ಬರ ಸಮಪಾಲು. ಬರೀ ಕೋಕೋಪೀಟ್‌ನಲ್ಲಿ ನೆಟ್ಟರೆ ಮಳೆಯ ದಿನಗಳಲ್ಲಿ ಒಳಗೆ ನೀರು ಹಿಡಿದಿಟ್ಟು ಕೊಳೆಸುತ್ತದೆ. ಪ್ಲಾಸ್ಟಿಕ್ ಜಾಲರಿಯನ್ನು ಗೋಡೆಗೆ ಹೊಡೆದರೆ ಆಸರೆ ಆಯಿತು. ಕಾದ ಸಿಮೆಂಟಿನ ಮೇಲೆ ಬ್ಯಾಗ್ ನೇರ ಇಡಬೇಡಿ, ಎರಡು ಇಟ್ಟಿಗೆ ಕೊಡಿ. ಬಳ್ಳಿಗೆ ಬಿಸಿಲು ಬೇಕು, ಬುಡಕ್ಕೆ ತಂಪು ಬೇಕು.

ಗೊಬ್ಬರದಲ್ಲಿ ಕೈ ಬಿಗಿ ಇರಲಿ. ಯೂರಿಯಾ ಹಾಕಿದರೆ ಬಳ್ಳಿ ಹಚ್ಚಗೆ ಹತ್ತಡಿ ಹೋಗಿ ಹೂವೇ ಬಿಡುವುದಿಲ್ಲ. ಮೊಗ್ಗಿನ ಹೊತ್ತಿಗೆ ಎರಡು ಚಮಚ ಬೂದಿ ಸಾಕು.

ಒಂದು ಅನುಮಾನ: ಗೆಡ್ಡೆಯನ್ನು ಪ್ರತಿ ವರ್ಷ ಕೀಳಬೇಕೇ? ಕುಂಡದಲ್ಲೇ ಒಣಗಲು ಬಿಟ್ಟು, ಮಾರ್ಚ್ ತನಕ ನೀರು ನಿಲ್ಲಿಸಿದರೆ ತಾನಾಗಿ ಮತ್ತೆ ಬರುತ್ತದಲ್ಲ.

ಬಳ್ಳಿಮಂಟಪ, ಕಾರ್ಕಳ

ಕೀಳುವ ಅಗತ್ಯವೇನಿಲ್ಲ. ನವೆಂಬರ್ ಡಿಸೆಂಬರ್‌ನಲ್ಲಿ ಬಳ್ಳಿ ಹಳದಿಯಾಗಿ ಒಣಗುತ್ತದೆ, ಗೆಡ್ಡೆ ಬೇಸಿಗೆಯ ತನಕ ಮಲಗುತ್ತದೆ. ಕಾಡಿನಲ್ಲಿ ಯಾರೂ ಅಗೆದು ಅಟ್ಟಕ್ಕೇರಿಸುವುದಿಲ್ಲವಲ್ಲ. ಅಗೆಯುವಾಗ ತುದಿ ಮುರಿಯುವ ಅಪಾಯವೇ ಹೆಚ್ಚು. ಬೇಸಿಗೆಯಲ್ಲಿ ಪಕ್ಕದ ಗಿಡಕ್ಕೆ ಹಾಕುವ ನೀರು ಅಲ್ಲಿಗೆ ಹರಿಯದಂತೆ ನೋಡಿಕೊಂಡರೆ ಆಯಿತು. ಮಲಗಿದ ಗೆಡ್ಡೆಗೆ ನೀರು ಬಿದ್ದರೆ ಕೊಳೆಯುತ್ತದೆ.

ಗೆಡ್ಡೆಗೆಣಸು, ತೀರ್ಥಹಳ್ಳಿ

ಗಿಡದ ದೃಷ್ಟಿಯಿಂದ ನೀವು ಹೇಳಿದ್ದು ಸರಿ. ಆದರೆ ಮೊದಲು ಪ್ರಶ್ನೆ ಕೇಳಿದ ಹಿತ್ತಲಬೇಲಿಯವರ ಮನೆಗೆ ನಾನು ಕೀಳಿ ಎಂದೇ ಹೇಳುತ್ತೇನೆ.

ಕಾರಣ ಲೆಕ್ಕ. ಈ ವರ್ಷ ನೆಟ್ಟ ಗೆಡ್ಡೆ ತಾನು ಕರಗಿ, ಬಳ್ಳಿಯ ಬುಡದಲ್ಲಿ ಹೊಸ ಕವಲು ಗೆಡ್ಡೆ ಕಟ್ಟುತ್ತದೆ. ಎರಡೂ ಕಣ್ಣು ಮೊಳೆತರೆ ಮುಂದಿನ ವರ್ಷ ಎರಡು ಬಳ್ಳಿ, ಅದರ ಮುಂದೆ ನಾಲ್ಕು. ಕೆಲವು ಸಾಯುತ್ತವೆ ಅಂದುಕೊಂಡರೂ ಐದಾರು ವರ್ಷದಲ್ಲಿ ಬೇಲಿಯುದ್ದಕ್ಕೆ ಎಲ್ಲೆಲ್ಲಿ ಏನಿದೆ ಎಂದು ಯಾರಿಗೂ ತಿಳಿಯದ ಸ್ಥಿತಿ. ಗೆಡ್ಡೆ ಕವಲು ಚಾಚುತ್ತಾ ಜಾಗ ಬದಲಿಸುತ್ತದೆ, ಹಳೆಯ ಕೋಲಿನ ಗುರುತು ಸುಳ್ಳಾಗುತ್ತದೆ. ಬಳ್ಳಿ ಒಣಗಿದ ಮೇಲೆ ಮೇಲೇನೂ ಕಾಣದು. ಆಗಲೇ ಯಾರೋ ಬಂದು ಆ ಜಾಗದಲ್ಲಿ ಅಗೆದು "ಇಲ್ಲೊಂದು ಗೆಣಸಿದೆ" ಅನ್ನುವುದು. ವಿಷದ ಗಿಡ ಸಾಕುವುದೆಂದರೆ ಮುಖ್ಯವಾಗಿ ಗೆಡ್ಡೆಯ ಲೆಕ್ಕ ಇಡುವುದು. ಎಷ್ಟು ನೆಟ್ಟಿರಿ, ಎಷ್ಟು ಕಿತ್ತಿರಿ, ಹೆಚ್ಚಾದದ್ದು ಯಾರಿಗೆ ಹೋಯಿತು, ಒಂದು ಚೀಟಿಯಲ್ಲಿ ಇರಲಿ. ಬೇರೆಯವರಿಗೆ ಕೊಡುವಾಗ ಹೆಸರೂ ವಿಷವೆಂಬ ಮಾತೂ ಬರೆದ ಚೀಟಿ ಕಟ್ಟಿಯೇ ಕೊಡಿ.

ಕೀಳುವ ಕ್ರಮ: ಬಳ್ಳಿ ಪೂರ್ತಿ ಒಣಗಿ ಮೂರು ವಾರ ಕಳೆಯಲಿ. ಹಸಿರಿರುವಾಗ ಕಿತ್ತರೆ ಗೆಡ್ಡೆ ಬಲಿತಿರುವುದಿಲ್ಲ, ಸಿಪ್ಪೆ ಸುಲಿಯುತ್ತದೆ, ಇಟ್ಟಲ್ಲೇ ಬತ್ತುತ್ತದೆ. ಬುಡದಿಂದ ಒಂದೂವರೆ ಅಡಿ ದೂರದಲ್ಲಿ ಸುತ್ತ ಅಗೆದು, ಒಳಗಿನ ಮಣ್ಣನ್ನು ಕೈಯಿಂದ ಸಡಿಲಿಸಿ. ಕಾಂಡ ಹಿಡಿದು ಎಳೆಯಬೇಡಿ. ತೊಳೆಯಬೇಡಿ, ಮಣ್ಣು ಉದುರಿಸಿ ಒಂದು ವಾರ ನೆರಳಲ್ಲಿ ಆರಿಸಿ. ಒಣ ಮರಳು ತುಂಬಿದ ಡಬ್ಬಿಯಲ್ಲಿ, ಗೆಡ್ಡೆಗೆ ಗೆಡ್ಡೆ ತಾಗದಂತೆ, ತುದಿಗೆ ಪೆಟ್ಟಾಗದಂತೆ ಇಟ್ಟು, ಮುಚ್ಚಳಕ್ಕೆ ಗಾಳಿಯಾಡಲು ತೂತು ಮಾಡಿ, ಮೇಲೆ ದಪ್ಪ ಅಕ್ಷರದಲ್ಲಿ "ವಿಷ, ತಿನ್ನುವ ಗೆಡ್ಡೆ ಅಲ್ಲ" ಎಂದು ಬರೆದು, ಬೀಗವಿರುವ ಸಾಮಾನು ಕೋಣೆಗೆ. ಏಪ್ರಿಲ್ ಕೊನೆಗೆ ತೆರೆದು ನೋಡಿ. ತುದಿಯಲ್ಲಿ ಬಿಳಿ ಕಣ್ಣು ಉಬ್ಬಿದ್ದರೆ ನೆಡುವ ಹೊತ್ತಾಯಿತು.

ತಾರಸಿತೋಟ ಅವರೇ, ನಿಮ್ಮ ಗ್ರೋ ಬ್ಯಾಗ್‌ನಲ್ಲಿ ಈ ತೊಂದರೆ ಇಲ್ಲ, ಗೆಡ್ಡೆ ಎಲ್ಲೂ ಓಡಿಹೋಗದು. ಹಾಗೇ ಬಿಡಿ. ಎರಡು ವರ್ಷಕ್ಕೊಮ್ಮೆ ಮಣ್ಣು ಬದಲಿಸುವಾಗ ಎಣಿಸಿಕೊಂಡರೆ ಸಾಕು.

ಹಳ್ಳಿಮದ್ದು

ಇಷ್ಟು ಹೆದರಿಸುತ್ತೀರಿ, ಆದರೆ ಹಿಂದಿನವರು ಇದರ ಗೆಡ್ಡೆಯನ್ನು ಗೋಮೂತ್ರದಲ್ಲಿ ಶುದ್ಧಿ ಮಾಡಿ ಔಷಧಿಗೆ ಬಳಸುತ್ತಿದ್ದರು. ಗೌಟ್ ಕೀಲುನೋವಿಗೆ ಡಾಕ್ಟರ್ ಕೊಡುವುದೂ ಇದೇ ಕಾಲ್ಚಿಸಿನ್ ತಾನೇ? ಸ್ವಲ್ಪ ಪುಡಿ ತೆಗೆದುಕೊಂಡರೆ ಏನಾಗುತ್ತದೆ?

ತುರ್ತುಕೋಣೆ, ಹುಬ್ಬಳ್ಳಿ

ಮಾತ್ರೆಯಲ್ಲಿ ಇರುವುದು 0.5 ಮಿಲಿಗ್ರಾಂ. ಒಣಗೆಡ್ಡೆಯಲ್ಲಿ ಶೇಕಡಾ 0.1 ಮಾತ್ರ ಕಾಲ್ಚಿಸಿನ್ ಇದೆ ಎಂದು ಹಿಡಿದರೂ ಒಂದು ಗ್ರಾಂ ಪುಡಿ ಎಂದರೆ ಎರಡು ಮಾತ್ರೆ, ಒಂದು ಚಮಚ ಎಂದರೆ ನೀವೇ ಗುಣಿಸಿ. ಪ್ರಮಾಣ ಗಿಡದಿಂದ ಗಿಡಕ್ಕೆ, ಊರಿಂದ ಊರಿಗೆ ಹಲವು ಪಟ್ಟು ಏರುಪೇರು, ಜೊತೆಗೆ ಬೇರೆ ವಿಷಗಳೂ ಇವೆ. ಕೆಲವು ಆಂಟಿಬಯೋಟಿಕ್ ತೆಗೆದುಕೊಳ್ಳುತ್ತಿರುವವರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಮಾತ್ರೆಯ ಅಳತೆಯೇ ಹೆಚ್ಚಾಗುವುದುಂಟು. ಆಯುರ್ವೇದವೂ ಈ ಗಿಡವನ್ನು ಲಾಂಗಲಿ ಎಂದು ಕರೆದು ಉಪವಿಷಗಳ ಸಾಲಿನಲ್ಲೇ ಇಟ್ಟಿದೆ. ಶುದ್ಧಿ ಅಂದದ್ದು ಬಲ್ಲ ವೈದ್ಯರ ಕೆಲಸಕ್ಕೆ, ಹಿತ್ತಲ ಗೆಡ್ಡೆಗೆ ಅಲ್ಲ. ಬಸುರಿಯರಿಗೆ ಕೊಡುವ, ಹೊಟ್ಟೆಗೆ ಕಟ್ಟುವ ಪದ್ಧತಿಗಳ ಬಗ್ಗೆ ಇಲ್ಲಿ ಯಾರೂ ಬರೆಯಬೇಡಿ ಎಂದು ವಿನಂತಿ.

ಲೀಡ್ಸ್‌ನಿಂದ

ಇಂಗ್ಲೆಂಡಿನ ಚಳಿಯಲ್ಲಿ ಇದನ್ನು ಹೊರಗೆ ಬೆಳೆಯಬಹುದೇ?

ತಾರಸಿತೋಟ, ಬೆಂಗಳೂರು

ನೆಲದಲ್ಲಿ ಬೇಡ, ಹಿಮ ಗೆಡ್ಡೆಯನ್ನು ಕೊಲ್ಲುತ್ತದೆ. ಕುಂಡದಲ್ಲಿ ಮಾರ್ಚ್‌ನಲ್ಲಿ ಒಳಗೇ, 20 ಡಿಗ್ರಿ ಬೆಚ್ಚಗಿರುವ ಕಡೆ ಮೊಳೆಸಿ, ಗಾಜಿನಮನೆಯಲ್ಲೋ ಬಿಸಿಲು ಬೀಳುವ ಕಿಟಕಿಯಲ್ಲೋ ಬೆಳೆಸಿ. ಶರತ್ಕಾಲದಲ್ಲಿ ಒಣಗಿದ ಮೇಲೆ ಕುಂಡವನ್ನು ನೀರಿಲ್ಲದೆ ಸುಮಾರು 10 ರಿಂದ 15 ಡಿಗ್ರಿಯಲ್ಲಿ ಇಡಿ. ಅಲ್ಲಿನ ಅಂಗಡಿಗಳಲ್ಲಿ ರಾತ್‌ಶೀಲ್ಡಿಯಾನಾ ಹೆಸರಿನ ದೊಡ್ಡ ಹೂವಿನ ಬಗೆ ಸಿಗುತ್ತದೆ, ವಿಷ ಅದಕ್ಕೂ ಇದೆ.

ಹಿತ್ತಲಬೇಲಿ, ಶಿರಸಿ ಹತ್ತಿರ

ಜುಲೈ ಕೊನೆಯ ಪ್ರಶ್ನೆ. ಬಳ್ಳಿಗಳು ಬೇಲಿಯ ಅರ್ಧ ಏರಿವೆ. ಎರಡರಲ್ಲಿ ಎಲೆ ಪೂರ್ತಿ ತಿಂದು ನರ ಮಾತ್ರ ಉಳಿದಿದೆ. ಕಪ್ಪು ಹುಳು, ಮೈಮೇಲೆ ಬಿಳಿ ಮತ್ತು ಕೆಂಪು ಚುಕ್ಕೆ. ಇಷ್ಟು ವಿಷದ ಎಲೆಯನ್ನು ಯಾವ ಹುಳು ತಿನ್ನುತ್ತದೆ?

ಧಾರಾಪುರ ಕನ್ನಡಿಗ

ಲಿಲ್ಲಿ ಪತಂಗದ ಮರಿಹುಳು, ಪೊಲಿಟೆಲಾ ಗ್ಲೋರಿಯೋಸೆ. ವಿಷ ತಡೆದುಕೊಂಡು ಇದನ್ನೇ ತಿಂದು ಬದುಕುತ್ತದೆ. ಮನೆಯಲ್ಲಿ ನೀರುಳ್ಳಿಗೆಡ್ಡೆಯಂಥ ಬುಡದ ಲಿಲ್ಲಿಗಳಿದ್ದರೆ ಅವುಗಳ ಎಲೆಯ ಅಡಿಭಾಗವನ್ನೂ ನೋಡಿ, ಅಲ್ಲಿಂದಲೇ ಬಂದಿರಬಹುದು.

ನಾಲ್ಕೈದು ಬಳ್ಳಿಗೆ ಔಷಧಿ ಬೇಕಿಲ್ಲ. ಬೆಳಗ್ಗೆ ಕೈಗವಸು ಹಾಕಿ ಆರಿಸಿ ಸೋಪಿನ ನೀರಿಗೆ ಹಾಕಿ, ಒಂದು ವಾರ ಬಿಡದೆ. ಕೋಳಿಗೆ ಹಾಕಬೇಡಿ, ಹುಳುವಿನ ಹೊಟ್ಟೆಯಲ್ಲಿ ಇರುವುದು ಅದೇ ಎಲೆ. ಎಲೆಯ ಅಡಿಯಲ್ಲಿ ಗುಂಪಾಗಿರುವ ಮೊಟ್ಟೆಗಳನ್ನು ಒರೆಸಿ ತೆಗೆಯಿರಿ. ಸಣ್ಣ ಮರಿಗಳು ತುಂಬಾ ಇದ್ದರೆ ಮಳೆ ಬಿಟ್ಟ ಸಂಜೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಬೆರೆಯಲು ಸ್ವಲ್ಪ ಸೋಪು ಹಾಕಿ ಎಲೆಯ ಎರಡೂ ಬದಿಗೆ ಸಿಂಪಡಿಸಿ. ಬೆಳೆದ ಹುಳುವಿಗೆ ಬೇವು ಅಷ್ಟಾಗಿ ತಾಗದು, ಕೈಯೇ ಮದ್ದು. ಅವು ಬುಡದ ಮಣ್ಣಿಗಿಳಿದು ಕೋಶ ಕಟ್ಟುತ್ತವೆ. ಬುಡದ ದರಗು ಎತ್ತಿ, ಮೇಲಿನ ಒಂದು ಇಂಚು ಮಣ್ಣನ್ನು ಬೆರಳಿನಲ್ಲಿ ಕೆದಕಿ ಕಂಡ ಕೋಶ ತೆಗೆಯಿರಿ. ಸಲಿಕೆ ಬೇಡ, ಗೆಡ್ಡೆ ಎರಡೂವರೆ ಇಂಚಿಗೇ ಇದೆ. ತುದಿಯ ಕುಡಿ ಉಳಿದಿದ್ದರೆ ಬಳ್ಳಿ ಹೊಸ ಎಲೆ ಹಾಕಿ ಹೂ ಬಿಡುತ್ತದೆ. ಕುಡಿಯನ್ನೂ ತಿಂದಿದ್ದರೆ ಈ ವರ್ಷ ಆ ಬಳ್ಳಿಯಿಂದ ಹೂವಿನ ಆಸೆ ಇಟ್ಟುಕೊಳ್ಳಬೇಡಿ, ಇರುವ ಕಾಂಡವನ್ನು ಒಣಗುವ ತನಕ ಕತ್ತರಿಸದೆ ಬಿಡಿ.